ಬಟನ್ ಒತ್ತಿದ್ರ ಏನೂ ಆಗವಲ್ದು, ಮೂರು ದಿನ ಆತು, ಯಾರಾದ್ರೂ ನೋಡ್ರಿ

ಸೋನಾಮಸೂರಿ · ಸಿಂಧನೂರು · ಶುಕ್ರವಾರ ರಾತ್ರಿ 10:12

ಎಲ್ಲಾರಿಗೂ ನಮಸ್ಕಾರ. ನಾನು ಹೊಸಬ. ವೆಬ್ ಪೇಜ್ ಮಾಡೋ ಎಚ್‌ಟಿಎಂಎಲ್, ಸಿಎಸ್‌ಎಸ್ ಕಲ್ತು ಎರಡು ತಿಂಗಳಾತು, ಜಾವಾಸ್ಕ್ರಿಪ್ಟ್ ಶುರು ಮಾಡಿ ಮೂರು ವಾರ. ಸೋದರಮಾವಂದು ಯಾರ್ಡಿನಾಗ ದಲ್ಲಾಳಿ ಅಂಗಡಿ ಅದ. ಭತ್ತದ ಲೆಕ್ಕ ಮಾಡೋ ಒಂದು ಪೇಜ್ ಮಾಡಿಕೊಡ್ತೀನಿ ಅಂತ ಜಂಬ ಕೊಚ್ಚಿದ್ದೆ. ನಿನ್ನಿ ಉಳಿದ ಚೀಲ, ಇವತ್ತು ಬಂದ ಚೀಲ, ಕ್ವಿಂಟಲ್ ರೇಟು, ಮೂರು ಬಾಕ್ಸು. ಕೆಳಗ "ಲೆಕ್ಕ ಹಾಕು" ಅಂತ ಒಂದು ಬಟನ್. ಚೀಲಕ್ಕ 75 ಕೆಜಿ ಹಿಡಿದು ಒಟ್ಟು ರೊಕ್ಕ ತೋರಿಸ್ಬೇಕು, ಅಷ್ಟೇ.

ಬಟನ್ ಒತ್ತಿದ್ರ ಕಲ್ಲು ಕುಂತಂಗ ಕುಂತದ. ವಿಡಿಯೋ ನೋಡಿ ಹೆಂಗದ ಹಂಗ ಬರದೀನಿ, ಮತ್ತ ಅಳಿಸಿ ಮತ್ತ ಬರದೀನಿ. ಮಾವ ದಿನಾ ಕೇಳ್ತಾನ, "ಏನಪ್ಪಾ ಇಂಜಿನಿಯರ್, ಕ್ಯಾಲ್ಕ್ಯುಲೇಟರ್ ನೂರಾ ಐವತ್ತಕ್ಕ ಸಿಗ್ತದ ಬಜಾರದಾಗ." ಸ್ಕ್ರೀನಿನ ಫೋಟೋ ಹಾಕೀನಿ. ಎಲ್ಲಿ ತಪ್ಪದ ಹೇಳ್ರಿ.

ಬಳ್ಳಾರಿ_ಜೀನ್ಸ್ · ಬಳ್ಳಾರಿ · ರಾತ್ರಿ 10:31

ಫೋಟೋದಲ್ಲಿ ಟ್ಯೂಬ್‌ಲೈಟೇ ಕಾಣ್ತೈತೆ, ಕೋಡ್ ಕಾಣ್ತಿಲ್ಲ. ಕೋಡ್ ಕಾಪಿ ಮಾಡಿ ಹಾಕು ತಮ್ಮಾ.

ಕೊನೆಭಾಗದವ · ಮಾನ್ವಿ · ರಾತ್ರಿ 10:40

ಕೋಡ್ ಆಮೇಲೆ ನೋಡೋಣ. ಮೊದಲು ಒಂದು ಕೇಳ್ತೀನಿ. ಪೇಜ್ ತೆಗೆದು ಎಫ್12 ಒತ್ತಿ ಕನ್ಸೋಲ್, ಅಂದ್ರ ಬ್ರೌಸರ್ ತಪ್ಪು ತೋರಿಸೋ ಜಾಗ, ನೋಡೀಯೇನು? ಅಲ್ಲಿ ಕೆಂಪು ಸಾಲು ಏನರ ಅದಾವ? ಇದ್ರ ಎಲ್ಲಾಕಿಂತ ಮ್ಯಾಲಿಂದು ಅಕ್ಷರ ಬಿಡದಂಗ ಬರದು ಹಾಕು. ಬಲಗಡೆ ಫೈಲಿನ ಹೆಸರು, ಸಾಲಿನ ನಂಬರ್ ಇರ್ತದ, ಅದನ್ನೂ ಹಾಕು. ಕೆಳಗಿನವು ಸದ್ಯ ಬ್ಯಾಡ, ಬಹಳ ಸರ್ತಿ ಮ್ಯಾಲಿಂದು ಸರಿಹೋದ್ರ ಕೆಳಗಿನವು ತಾವೇ ಹೋಗ್ತಾವ.

ಸೋನಾಮಸೂರಿ · ರಾತ್ರಿ 10:58

ಎಫ್12 ಒತ್ತಿದ್ದೇ ಇಲ್ಲ ರೀ. ಕ್ಲಾಸಿನಾಗ ಇದನ್ನ ತೋರಿಸ್ಲೇ ಇಲ್ಲ, ದುಡ್ಡು ಕಟ್ಟಿದ್ದು ಮೂರು ತಿಂಗಳಿಗೆ. ಈಗ ನೋಡಿದೆ. ಒಂದೇ ಸಾಲು ಕೆಂಪಗದ. ಮೊಬೈಲಿನಾಗ ಕನ್ನಡ ಕೀಬೋರ್ಡ್ ಇರೋದಕ್ಕ ಕನ್ನಡದಾಗೇ ಬರೀತೀನಿ:

"ಅನ್‌ಕಾಟ್ ಟೈಪ್ ಎರರ್: ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್, ರೀಡಿಂಗ್ ಆಡ್‌ಈವೆಂಟ್‌ಲಿಸನರ್". ಬಲಕ್ಕ "ಲೆಕ್ಕ.ಜೆಎಸ್, 3" ಅಂತದ.

ಮೂರನೇ ಸಾಲು ಹತ್ತು ಸಲ ಓದೀನಿ, ಸರಿಯಾಗೇ ಅದ. ಬಟನ್‌ಗೆ ಇಟ್ಟ ಹೆಸರು, ಐಡಿ, ಅದೂ ಸರಿ ಅದ.

ರಾತ್ರಿಪಾಳಿ · ಶಕ್ತಿನಗರ · ರಾತ್ರಿ 11:20

ಮೂರನೇ ಸಾಲು ಸರಿ ಇದೆ ಅಂತಲೇ ಇಟ್ಟುಕೊಳ್ಳಿ. "ನಲ್" ಅಂದರೆ ಹುಡುಕಿದ್ದು ಸಿಗಲಿಲ್ಲ ಅಂತ. ಆ ಐಡಿಯ ಬಟನ್ ಪೇಜಿನಲ್ಲಿದೆ, ಆದರೂ ಬ್ರೌಸರಿಗೆ ಸಿಕ್ಕಿಲ್ಲ. ಎರಡೇ ಕಾರಣ ಇರಬಹುದು. ಒಂದು, ಐಡಿಯಲ್ಲಿ ಅಕ್ಷರ ತಪ್ಪಿದೆ. ಇಲ್ಲವೇ ಹುಡುಕುವ ಹೊತ್ತಿಗೆ ಬಟನ್ ಇನ್ನೂ ಹುಟ್ಟಿಯೇ ಇರಲಿಲ್ಲ.

ಜಾವಾಸ್ಕ್ರಿಪ್ಟ್ ಫೈಲನ್ನು ಕರೆಯುವ ಸ್ಕ್ರಿಪ್ಟ್ ಟ್ಯಾಗ್ ಎಲ್ಲಿ ಇಟ್ಟಿದ್ದೀರಿ? ಪೇಜಿನ ಮೇಲ್ಭಾಗದ ಹೆಡ್ ಒಳಗಾ?

ಸೋನಾಮಸೂರಿ · ರಾತ್ರಿ 11:24

ಹೌದ್ರಿ, ಹೆಡ್ ಒಳಗ. ಸಿಎಸ್‌ಎಸ್ ಅಲ್ಲೇ ಇಟ್ಟಿದ್ದೆ, ಇದನ್ನೂ ಅದರ ಪಕ್ಕದಾಗೇ ಇಟ್ಟೆ.

ರಾತ್ರಿಪಾಳಿ · ರಾತ್ರಿ 11:31

ಸಿಕ್ಕಿತು. ಬ್ರೌಸರ್ ಪೇಜನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಬರುತ್ತದೆ. ಹೆಡ್‌ನಲ್ಲಿ ಸ್ಕ್ರಿಪ್ಟ್ ಕಂಡರೆ ಅಲ್ಲೇ ನಿಂತು ಅದನ್ನು ಓಡಿಸುತ್ತದೆ. ಆಗ ಪೇಜಿನಲ್ಲಿ ಕಾಣುವ ಭಾಗ, ಬಾಡಿಯೇ ಬಂದಿಲ್ಲ, ಬಟನ್ ಎಲ್ಲಿಂದ ಬರಬೇಕು? ಸ್ಕ್ರಿಪ್ಟ್ ಟ್ಯಾಗಿನಲ್ಲಿ ಡಿಫರ್ ಅನ್ನೋ ಪದ ಸೇರಿಸಿ. ಇಡೀ ಪೇಜ್ ಓದಿ ಮುಗಿದ ಮೇಲೆ ಸ್ಕ್ರಿಪ್ಟ್ ಓಡುತ್ತದೆ. ಇಲ್ಲ ಅಂದರೆ ಟ್ಯಾಗನ್ನೇ ಬಾಡಿ ಮುಗಿಯುವ ಸಾಲಿನ ಮೇಲಕ್ಕೆ ಇಳಿಸಿ.

ಸೋನಾಮಸೂರಿ · ರಾತ್ರಿ 11:37

ಡಿಫರ್ ಹಾಕ್ದೆ. ಆ ಕೆಂಪು ಸಾಲು ಹೋತು!!! ಆದ್ರ ಬಟನ್ ಒತ್ತಿದಾಗ ಹೊಸಾದು ಬಂತು:

"ಅನ್‌ಕಾಟ್ ರೆಫರೆನ್ಸ್ ಎರರ್: ಚಿಲ ಈಸ್ ನಾಟ್ ಡಿಫೈನ್ಡ್", ಸಾಲು 9.

ಹೇಳೋದು ಮರ್ತೆ. ಅಂಕಿ ಇಡೋ ವೇರಿಯೇಬಲ್ ಹೆಸರು ಕನ್ನಡದಾಗೇ ಇಟ್ಟೀನಿ. ಅದು ತಪ್ಪೇನು?

ಬಳ್ಳಾರಿ_ಜೀನ್ಸ್ · ರಾತ್ರಿ 11:41

ತಪ್ಪಿಲ್ಲ. ಜಾವಾಸ್ಕ್ರಿಪ್ಟಿಗೆ ಕನ್ನಡ ಹೆಸರು ನಡೀತೈತೆ. ಆದ್ರೆ ಎರರ್ ಇನ್ನೊಂದ್ಸಲ ಓದು. ಅದು ಚೀಲ ಅಂತಿಲ್ಲ, ಚಿಲ ಅಂತೈತೆ.

ಸೋನಾಮಸೂರಿ · ರಾತ್ರಿ 11:43

ಅಯ್ಯೋ. ನಾಲ್ಕನೇ ಸಾಲಿನಾಗ ಚೀಲ, ಒಂಬತ್ತನೇ ಸಾಲಿನಾಗ ಚಿಲ. ದೀರ್ಘ ಬಿಟ್ಟೀನಿ. ಕನ್ನಡ ಮಾಸ್ತರು ನೋಡಿದ್ರ ಇಲ್ಲೇ ಬೆಂಚಿನ ಮ್ಯಾಲೆ ನಿಲ್ಲಿಸ್ತಿದ್ರು.

ಒಂದು ಡೌಟು. ಈ ತಪ್ಪು ಮೂರು ದಿನದಿಂದ ಅದ, ಈಗ್ಯಾಕ ಬಂತು?

ಕೊನೆಭಾಗದವ · ರಾತ್ರಿ 11:55

ಚೊಲೋ ಪ್ರಶ್ನೆ. ಒಂಬತ್ತನೇ ಸಾಲು ಫಂಕ್ಷನ್ ಒಳಗದ. ಬಟನ್ ಒತ್ತಿದಾಗ ಮಾತ್ರ ಅದು ಓಡ್ತದ. ಮೂರನೇ ಸಾಲಿನಾಗೇ ಸ್ಕ್ರಿಪ್ಟ್ ಬಿದ್ದು ಹೋಗ್ತಿತ್ತು, ಬಟನ್‌ಗೆ ಕೆಲಸಾನೇ ಅಂಟಿರ್ಲಿಲ್ಲ, ಒಂಬತ್ತನೇ ಸಾಲಿನ ತನಕ ಯಾರೂ ಹೋಗೇ ಇಲ್ಲ. ಆವರಣ ಮುಚ್ಚೋದು ಮರೆತಂಥ ವ್ಯಾಕರಣದ ತಪ್ಪು ಇದ್ರ ಫೈಲ್ ಓದುವಾಗಲೇ ಸಿಗ್ತದ, ಒಂದು ಸಾಲೂ ಓಡಂಗಿಲ್ಲ. ಹೆಸರಿನ ತಪ್ಪು ಹಂಗಲ್ಲ, ಆ ಸಾಲಿಗೆ ಕಾಲಿಟ್ಟಾಗಲೇ ಎದ್ದೇಳ್ತದ.

ಹಂಗಾಗಿ ಒಂದು ಎರರ್ ಹೋಗಿ ಇನ್ನೊಂದು ಬಂದ್ರ ಕೆಟ್ಟಿತು ಅಂತ ತಿಳೀಬ್ಯಾಡ. ಮುಂದಕ್ಕ ಹೋಗೀಯ.

ಸೋನಾಮಸೂರಿ · ಶನಿವಾರ ಬೆಳಿಗ್ಗೆ 7:05

ರಾತ್ರಿನೇ ಸರಿ ಮಾಡ್ದೆ, ಕೆಂಪು ಒಂದೂ ಇಲ್ಲ, ಲೆಕ್ಕ ಬಂತು. ಖುಷೀಲೆ ಮಲಗಿದ್ದೆ. ಬೆಳಿಗ್ಗೆ ಮಾವಗ ತೋರಿಸ್ದೆ. ನಿನ್ನಿ ಉಳಿದದ್ದು 40 ಚೀಲ, ಇವತ್ತು ಬಂದದ್ದು 12, ರೇಟು 2300 ಹಾಕಿದ. ಬಂದ ಉತ್ತರ: 69,20,700 ರೂಪಾಯಿ.

ಮಾವ ಚಾ ಲೋಟ ಕೆಳಗಿಟ್ಟು "ಇಷ್ಟು ರೊಕ್ಕ ಬರೋದಾದ್ರ ಗದ್ದಿ ಯಾಕ ಮಾಡ್ಬೇಕು, ನಿನ್ನ ಪೇಜೇ ಉತ್ಕೊಂಡು ಕುಂದರ್ತೀನಿ" ಅಂದ. ಅಂಗಡ್ಯಾಗಿನ ಹಮಾಲರೆಲ್ಲಾ ನಕ್ಕರು.

ಕನ್ಸೋಲಿನಾಗ ಏನೂ ಕೆಂಪಿಲ್ಲ. ಈಗ ಏನು ಓದ್ಲಿ?

ಕೊನೆಭಾಗದವ · ಬೆಳಿಗ್ಗೆ 7:48

ಕೆಂಪು ಎರರ್ ಒಂದು ರೀತಿ ಪುಣ್ಯ, ಸಾಲಿನ ನಂಬರ್ ಸಮೇತ ಹೇಳಿ ಹೋಗ್ತದ. ನಿಂದು ಈಗ ಹತ್ತಿಯ ಗುಲಾಬಿ ಕಾಯಿಕೊರಕ. ಕಾಯಿ ಹೊರಗಿಂದ ಹಸಿರಗೇ ಇರ್ತದ, ಒಡದಾಗ ಒಳಗ ಹುಳ.

ಇದಕ್ಕ ನಮ್ಮ ತುಂಗಭದ್ರಾ ಎಡದಂಡೆ ಕಾಲುವಿ ಹಿಡಿಯೋ ಪದ್ಧತಿನೇ ಸರಿ. ಕೊನೆಭಾಗಕ್ಕ ನೀರು ಬರ್ಲಿಲ್ಲ ಅಂದ್ರ ಏನು ಮಾಡ್ತಾರ? ಕೊನಿಗೆ ನಿಂತು ಬೈದ್ರ ಪ್ರಯೋಜನಿಲ್ಲ, ನಾನೂ ಬೈದು ನೋಡೀನಿ. ಮೈಲ್ 69ರಾಗ ನೀರಿನ ಮಟ್ಟದ ಗೇಜ್ ಎಷ್ಟದ, 104ರಾಗ ಎಷ್ಟದ ಅಂತ ನೋಡ್ತಾರ. 69ರಾಗ ಸರಿ ಇದ್ದು 104ರಾಗ ಕಮ್ಮಿ ಇದ್ರ ಕಳ್ಳತನ ನಡುವ ಅದ. 69ರ ಮ್ಯಾಲೆ ಹುಡುಕೋದು ಬ್ಯಾಡ.

ಕೋಡಿನಾಗ ಗೇಜ್ ಅಂದ್ರ ಕನ್ಸೋಲ್ ಲಾಗ್, ಆ ಹೊತ್ತಿಗೆ ಬಂದ ಅಂಕಿ ಕನ್ಸೋಲಿನಾಗ ತೋರಿಸೋ ಸಾಲು. ಕೂಡಿಸೋ ಸಾಲಿನ ಕೆಳಗ ಒಂದು ಹಾಕು, ಕೆಜಿ ಮಾಡೋ ಸಾಲಿನ ಕೆಳಗ ಒಂದು, ರೊಕ್ಕ ಮಾಡೋದರ ಕೆಳಗ ಒಂದು. ಕೈಯಾಗ ಲೆಕ್ಕ ಹಾಕಿಟ್ಟುಕೋ: 52 ಚೀಲ, 3900 ಕೆಜಿ, 39 ಕ್ವಿಂಟಲ್, 2300ರಂಗ 89,700. ಯಾವ ಗೇಜಿನಾಗ ಮೊದಲು ತಪ್ತದ ಹೇಳು.

ಸೋನಾಮಸೂರಿ · ಬೆಳಿಗ್ಗೆ 8:20

ಮೊದಲನೇದರಾಗೇ ತಪ್ತು! ಒಟ್ಟು ಚೀಲ 52 ಬರಬೇಕಿತ್ತು, 4012 ಬಂದದ. 40ರ ಪಕ್ಕಕ್ಕ 12 ಒಯ್ದು ಇಟ್ಟದ!

ರಾತ್ರಿಪಾಳಿ · ಬೆಳಿಗ್ಗೆ 8:34

ಪಾಳಿ ಮುಗಿಸಿ ಬಂದೆ, ಇದನ್ನು ನೋಡಿ ನಿದ್ದೆ ಹೋಯಿತು. ಇದು ಎಲ್ಲರೂ ಒಮ್ಮೆ ಬೀಳುವ ಗುಂಡಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಾಕ್ಸಿನಲ್ಲಿ ಟೈಪ್ ಮಾಡಿದ್ದು ವ್ಯಾಲ್ಯೂ ಅಂತ ಬರುವಾಗ ಯಾವಾಗಲೂ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಇನ್‌ಪುಟ್ ಟೈಪನ್ನು ನಂಬರ್ ಅಂತ ಕೊಟ್ಟರೂ ಅಷ್ಟೇ. ಪ್ಲಸ್ ಚಿಹ್ನೆಗೆ ಎರಡು ಕೆಲಸ: ಎರಡೂ ಕಡೆ ಸಂಖ್ಯೆ ಇದ್ದರೆ ಕೂಡಿಸುತ್ತದೆ, ಒಂದು ಕಡೆ ಸ್ಟ್ರಿಂಗ್ ಇದ್ದರೂ ಸಾಕು, ಜೋಡಿಸುತ್ತದೆ. ಆದರೆ ಗುಣಾಕಾರಕ್ಕೆ ಜೋಡಿಸುವ ಕೆಲಸ ಇಲ್ಲ. ಅದು "4012" ಸ್ಟ್ರಿಂಗನ್ನು ಸುಮ್ಮನೆ ಸಂಖ್ಯೆ ಮಾಡಿಕೊಂಡು 75ರಿಂದ ಗುಣಿಸಿತು. 3,00,900 ಕೆಜಿ, 3009 ಕ್ವಿಂಟಲ್, 69 ಲಕ್ಷ. ಮುಂದಿನ ಲೆಕ್ಕವೆಲ್ಲ ಶುದ್ಧ, ಅದಕ್ಕೇ ಯಾರೂ ಕೂಗಲಿಲ್ಲ.

ಬಾಕ್ಸಿನಿಂದ ತೆಗೆದುಕೊಳ್ಳುವ ಜಾಗದಲ್ಲೇ, ಸ್ಟ್ರಿಂಗನ್ನು ಸಂಖ್ಯೆ ಮಾಡುವ ನಂಬರ್ ಫಂಕ್ಷನ್ನಿಗೆ ಹಾಕಿ ತನ್ನಿ. ಕೂಡಿಸುವ ಜಾಗದಲ್ಲಿ ಬೇಡ, ನಾಳೆ ಇನ್ನೊಂದು ಕಡೆ ಕೂಡಿಸುವಾಗ ಮರೆಯುತ್ತೀರಿ. ಟೈಪ್‌ಆಫ್ ಚೀಲ ಅಂತ ಲಾಗ್ ಮಾಡಿದರೆ ಸ್ಟ್ರಿಂಗೋ ನಂಬರೋ ಅದೇ ಹೇಳುತ್ತದೆ.

ಹೊಸಪೇಟೆ_ಸ್ಟೇಷನ್ · ಬೆಳಿಗ್ಗೆ 9:02

ಇಷ್ಟೆಲ್ಲಾ ಯಾಕ್ರೀ, ಚಾಟ್‌ಜಿಪಿಟಿಗೆ ಹಾಕಿದ್ರೆ ಅರ್ಧ ನಿಮಿಷ. ನಾನೇ ಹಾಕಿ ತೆಗ್ದಿದೀನಿ, ಪೂರ್ತಿ ಹೊಸ ಫೈಲ್ ಮೇಲ್ ಮಾಡ್ಲಾ?

ಸೋನಾಮಸೂರಿ · ಬೆಳಿಗ್ಗೆ 9:10

ನಾನೂ ಮೊನ್ನೆ ಹಾಕಿದ್ದೆ ರೀ. ಅದು ಇಡೀ ಫೈಲ್ ಬದಲಾಯಿಸಿ ಐಡಿಗಳಿಗೆಲ್ಲಾ ಇಂಗ್ಲಿಷ್ ಹೆಸರು ಇಟ್ಟು ಕೊಡ್ತು. ನನ್ನ ಸಿಎಸ್‌ಎಸ್ ಎಲ್ಲಾ ಕಳಚಿ ಬಿತ್ತು, ಬಾಕ್ಸು ಒಂದರ ಮ್ಯಾಲೊಂದು ಹತ್ತಿದ್ವು. ಹಳೇ ಫೈಲೂ ಇಟ್ಕೊಂಡಿರ್ಲಿಲ್ಲ.

ಬಳ್ಳಾರಿ_ಜೀನ್ಸ್ · ಬೆಳಿಗ್ಗೆ 9:25

ಅದನ್ನ ಬಳಸ್ಬೇಡ ಅಂತ ನಾನು ಹೇಳಲ್ಲ, ನಾನೇ ದಿನಾ ಬಳಸ್ತೀನಿ. ಆದ್ರೆ "ಸರಿ ಮಾಡಿ ಕೊಡು" ಅನ್ಬೇಡ. ಎರರ್ ಸಾಲು, ಅದರ ಸುತ್ತ ಹತ್ತು ಸಾಲು ಕೋಡು ಕೊಟ್ಟು "ಇದರ ಅರ್ಥ ಏನು, ಕೋಡು ಬದಲಾಯಿಸ್ಬೇಡ" ಅನ್ನು. ಮತ್ತೆ ಫೈಲಿನ ಹಳೇ ರೂಪ ಉಳಿಸಿಡೋ ಗಿಟ್ ಕಲಿ, ನಾಲ್ಕು ಕಮಾಂಡ್ ಸಾಕು. ಹಳೇ ಫೈಲ್ ಇಲ್ಲ ಅಂತ ಅಳೋದು ತಪ್ಪುತ್ತೆ.

ಸೋನಾಮಸೂರಿ · ಮಧ್ಯಾಹ್ನ 1:15

ನಂಬರ್ ಹಾಕ್ದೆ, ಲ್ಯಾಪ್‌ಟಾಪಿನಾಗ 89,700 ಬಂತು. ಪೇಜ್ ಇಂಟರ್ನೆಟ್ಟಿನಾಗ ಇಡೋ ಗಿಟ್‌ಹಬ್ ಪೇಜಸ್‌ಗೆ ಏರಿಸಿ ಮಾವನ ಫೋನಿಗೆ ಲಿಂಕ್ ಕಳಿಸ್ದೆ. ಫೋನಿನಾಗ ಮೂರು ಗೋಳು.

ಒಂದು, ಅಂಗಡಿ ಲೋಗೋ ಬರವಲ್ದು, ಲ್ಯಾಪ್‌ಟಾಪಿನಾಗ ಬರ್ತದ. ಎರಡು, ಒಂದು ತಾಸು ಇನ್ನೂ 69 ಲಕ್ಷನೇ ತೋರಿಸ್ತಿತ್ತು, ಆಮೇಲೆ ತಾನೇ ಸರಿಹೋತು. ಮೂರು, ಈಗ ಉತ್ತರದ ಜಾಗದಾಗ "ನ್ಯಾನ್" ಅಂತ ಬರ್ಲಿಕತ್ತದ. ಮಾವ ಅದನ್ನ ರೊಟ್ಟಿ ಅಂಗಡಿ ಬೋರ್ಡು ಅಂತಾನ.

ಬಳ್ಳಾರಿ_ಜೀನ್ಸ್ · ಮಧ್ಯಾಹ್ನ 1:40

ಲೋಗೋ ಫೈಲಿನ ಹೆಸರು ನೋಡು. ಎಲ್ ದೊಡ್ಡಕ್ಷರ ಐತಾ, ಕೊನೇಲಿ ಪಿಎನ್‌ಜಿ ದೊಡ್ಡಕ್ಷರದಲ್ಲಿ ಐತಾ? ವಿಂಡೋಸ್ ಎರಡನ್ನೂ ಒಂದೇ ಅಂತ ಬಿಡುತ್ತೆ. ಗಿಟ್‌ಹಬ್ ಪೇಜಸ್ ಬಿಡಲ್ಲ, ಫೈಲ್ ಸಿಗಲಿಲ್ಲ ಅಂತ 404 ಕೊಡುತ್ತೆ. ಎಫ್12ರಲ್ಲಿ ನೆಟ್‌ವರ್ಕ್ ಅಂತ ಟ್ಯಾಬ್ ಐತೆ, ಅಲ್ಲಿ 404 ಕೆಂಪಗೆ ಕಾಣ್ತೈತೆ. ನಮ್ಮ ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅನ್ನೋದೇ ಇಲ್ಲ ನೋಡು, ಅದಕ್ಕೇ ಕಣ್ಣು ಹಿಡಿಯಲ್ಲ. ಗೆಟ್‌ಎಲಿಮೆಂಟ್‌ಬೈಐಡಿ ಬರೆಯುವಾಗ ಕೊನೇ ಡಿ ದೊಡ್ಡದು ಹಾಕಿ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೀನಿ. ಇನ್ಮೇಲೆ ಫೈಲ್ ಹೆಸರೆಲ್ಲಾ ಸಣ್ಣಕ್ಷರ, ನಡುವೆ ಸ್ಪೇಸ್ ಇಲ್ಲ.

ಎರಡನೇದು ಕ್ಯಾಶ್. ಫೋನು ಹಳೇ ಜೆಎಸ್ ಫೈಲನ್ನೇ ಇಟ್ಕೊಂಡಿತ್ತು. ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್ ಶಿಫ್ಟ್ ಆರ್ ಒತ್ತು. ನೆಟ್‌ವರ್ಕ್ ಟ್ಯಾಬಿನಲ್ಲಿ ಡಿಸೇಬಲ್ ಕ್ಯಾಶ್ ಟಿಕ್ ಮಾಡಿ ಇಟ್ಟುಬಿಟ್ರೆ ಎಫ್12 ತೆಗೆದಿರೋ ತನಕ ಈ ಕಾಟ ಇರಲ್ಲ.

ಕೊನೆಭಾಗದವ · ಮಧ್ಯಾಹ್ನ 2:05

ನ್ಯಾನ್ ಅಂದ್ರ ನಾಟ್ ಎ ನಂಬರ್. ಮಾವ ಬಾಕ್ಸಿನಾಗ ಏನು ಟೈಪ್ ಮಾಡಿದ, ಹೆಂಗದ ಹಂಗ ಹೇಳು. "40" ಅಂತ ಹೇಳಬ್ಯಾಡ. ಫೋನ್ ಇಸ್ಕೊಂಡು ನೋಡಿ ಹೇಳು.

ಸೋನಾಮಸೂರಿ · ಮಧ್ಯಾಹ್ನ 2:30

ನೋಡ್ದೆ. ಮಾವ ಕನ್ನಡ ಕೀಬೋರ್ಡಿನಾಗ ೪೦ ಅಂತ ಹೊಡದಾನ. ರೇಟು ಬಾಕ್ಸಿನಾಗ "2,300", ಕಾಮಾ ಸಮೇತ.

ಟೀಚರಮ್ಮ · ಲಿಂಗಸುಗೂರು · ಮಧ್ಯಾಹ್ನ 2:41

ಮಾವಂದೇನೂ ತಪ್ಪಿಲ್ಲ. ೪೦ ಅನ್ನೋದು ನಲವತ್ತೇ. ನಾನು ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಅದನ್ನೇ ಬರೆಸ್ತಿದ್ದೀನಿ. ಕನ್ನಡದ ಪೇಜು ಅಂತ ಮಾಡಿ ಕನ್ನಡದ ಅಂಕಿ ಬರಲ್ಲ ಅಂದ್ರೆ ಪೇಜು ತಿದ್ದಬೇಕು, ಮಾವನನ್ನಲ್ಲ.

ರಾತ್ರಿಪಾಳಿ · ಸಂಜೆ 5:10

ಟೀಚರಮ್ಮ ಹೇಳಿದ್ದು ಸರಿ. ನಂಬರ್ ಫಂಕ್ಷನ್ನಿಗೆ ಕನ್ನಡ ಅಂಕಿ ಓದಲು ಬರುವುದಿಲ್ಲ, ೪೦ ಕೊಟ್ಟರೆ ನ್ಯಾನ್. ತಿದ್ದುವುದು ಸುಲಭ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಯೂನಿಕೋಡ್ ಅಂತ ಒಂದು ಸಂಖ್ಯೆ ಇರುತ್ತದೆ. ಕನ್ನಡ ಸೊನ್ನೆಯದು 3302, ಒಂಬತ್ತರದು 3311, ನಡುವಿನವು ಸಾಲಾಗಿವೆ. ಅಕ್ಷರದ ಸಂಖ್ಯೆ ಆ ಎರಡರ ನಡುವೆ ಇದ್ದರೆ 3302 ಕಳೆಯಿರಿ, ಇಂಗ್ಲಿಷ್ ಅಂಕಿ ಬರುತ್ತದೆ. ೪ಕ್ಕೆ 3306, ಕಳೆದರೆ 4. ರಿಪ್ಲೇಸ್ ಬಳಸಿ ಒಂದೇ ಸಾಲಿನಲ್ಲಿ ಆಗುತ್ತದೆ.

ಕಾಮಾ ಹೆಚ್ಚು ಅಪಾಯ. "2,300" ಅನ್ನು ನಂಬರ್‌ಗೆ ಕೊಟ್ಟರೆ ನ್ಯಾನ್, ಅದಾದರೂ ಕಣ್ಣಿಗೆ ಬೀಳುತ್ತದೆ. ಯಾರೋ ಪಾರ್ಸ್‌ಇಂಟ್ ಹಾಕು ಅನ್ನುತ್ತಾರೆ, ಹಾಕಬೇಡಿ. ಅದು ಕಾಮಾ ಸಿಕ್ಕ ಕಡೆ ನಿಂತು 2 ಅಂತ ಕೊಡುತ್ತದೆ. 39 ಕ್ವಿಂಟಲಿಗೆ 78 ರೂಪಾಯಿ. ಮೊದಲು ಕಾಮಾ ತೆಗೆಯಿರಿ, ಆಮೇಲೆ ನಂಬರ್. ಖಾಲಿ ಬಾಕ್ಸ್ ಬೇರೆ ನೋಡಿಕೊಳ್ಳಿ: ಖಾಲಿ ಸ್ಟ್ರಿಂಗ್ ಕೊಟ್ಟರೆ ನಂಬರ್ ಸದ್ದಿಲ್ಲದೆ 0 ಕೊಡುತ್ತದೆ.

ಕೊನೆಗೆ ಪರೀಕ್ಷೆ. ಉತ್ತರ ನ್ಯಾನ್‌ಗೆ ಸಮವೇ ಅಂತ ಮೂರು ಈಕ್ವಲ್ ಹಾಕಿ ಕೇಳಿದರೆ ಯಾವತ್ತೂ ಹೌದು ಬರುವುದಿಲ್ಲ, ನ್ಯಾನ್ ತನಗೆ ತಾನೇ ಸಮ ಅಲ್ಲ. ನಂಬರ್ ಡಾಟ್ ಈಸ್‌ನ್ಯಾನ್ ಬಳಸಿ, "ಅಂಕಿ ಸರಿಯಾಗಿ ಹಾಕಿರಿ" ಅಂತ ಬರೆಸಿ.

ಗವಿಮಠದ_ಹಾದಿ · ಕೊಪ್ಪಳ · ಸಂಜೆ 6:22

ಯೂನಿಕೋಡ್ ಮಾತು ಬಂತಲ್ಲ, ನಂದೂ ಒಂದು ಐತಿ, ಇಲ್ಲೇ ಕೇಳ್ತೀನಿ. ನಮ್ಮ ಪೇಜಿನಾಗ ತಾಲೂಕು ಹುಡುಕೋ ಬಾಕ್ಸ್ ಐತಿ. ಗಂಗಾವತಿ ಹೊಡದ್ರ ಬರ್ತೈತಿ, ಕುಷ್ಟಗಿ ಬರ್ತೈತಿ. ಕೊಪ್ಪಳ ಹೊಡದ್ರ ಬರಂಗಿಲ್ಲ! ನಮ್ಮೂರೇ ಬರಂಗಿಲ್ಲ! ಪಟ್ಟಿಯಾಗ ಕಣ್ಣೆದುರಿಗೇ ಐತಿ. ಎರಡೂ ಸಮ ಐತೇನು ಅಂತ ಕೇಳಿದ್ರ ಫಾಲ್ಸ್ ಅಂತೈತಿ. ಪಟ್ಟಿ ಹಳೇ ನುಡಿ ಫಾಂಟಿನ ಫೈಲಿನಿಂದ ಯೂನಿಕೋಡ್ ಮಾಡಿಸಿ ತಂದಿದ್ದು.

ರಾತ್ರಿಪಾಳಿ · ಸಂಜೆ 6:30

ಎರಡರ ಲೆಂಗ್ತ್ ಲಾಗ್ ಮಾಡಿ. ಆಮೇಲೆ ಚಾರ್‌ಕೋಡ್‌ಆಟ್ ಬಳಸಿ ಒಂದೊಂದು ಅಕ್ಷರದ ಯೂನಿಕೋಡ್ ಸಂಖ್ಯೆ ತೆಗೆದು ಇಲ್ಲಿ ಹಾಕಿ.

ಗವಿಮಠದ_ಹಾದಿ · ಸಂಜೆ 6:51

ನಾನು ಹೊಡದದ್ದು, ಉದ್ದ 6: 3221, 3274, 3242, 3277, 3242, 3251.
ಪಟ್ಟಿಯಾಗಿಂದು, ಉದ್ದ 7: 3221, 3270, 3266, 3242, 3277, 3242, 3251.

ನೋಡಾಕ ಎರಡೂ ಕೊಪ್ಪಳನ ಐತಿ!

ರಾತ್ರಿಪಾಳಿ · ಸಂಜೆ 7:04

ನೀವೇ ಕಂಡುಹಿಡಿದಿರಿ. ಎರಡನೇ ಜಾಗ ನೋಡಿ. ನಿಮ್ಮದರಲ್ಲಿ 3274, ಅದು ಒಂದೇ ತುಂಡಿನ ಒ-ಸ್ವರ ಚಿಹ್ನೆ. ಪಟ್ಟಿಯಲ್ಲಿ ಅದನ್ನೇ 3270 ಮತ್ತು 3266 ಅಂತ ಎ-ಚಿಹ್ನೆ, ಊ-ಚಿಹ್ನೆ ಎರಡು ತುಂಡು ಮಾಡಿ ಇಟ್ಟಿದ್ದಾರೆ. ಹಳೇ ಫಾಂಟಿನಲ್ಲಿ ಆಕಾರಗಳನ್ನು ತುಂಡು ತುಂಡಾಗಿ ಜೋಡಿಸುತ್ತಿದ್ದ ಪದ್ಧತಿ ಹಾಗೇ ದಾಟಿ ಬಂದಿದೆ. ತೆರೆಯ ಮೇಲೆ ಒಂದೇ ಥರ ಕಾಣುತ್ತದೆ, ಕಂಪ್ಯೂಟರಿಗೆ ಬೇರೆ. ಗಂಗಾವತಿ, ಕುಷ್ಟಗಿಯಲ್ಲಿ ಒಕಾರ ಇಲ್ಲ, ಅದಕ್ಕೇ ಬಚಾವಾದವು.

ಹುಡುಕುವ ಮೊದಲು ಎರಡೂ ಕಡೆ ನಾರ್ಮಲೈಸ್ ಹಾಕಿ, ತುಂಡುಗಳು ಕೂಡಿ 3274 ಆಗುತ್ತವೆ. ಅದರಿಂದ ಹೋಗದ ಇನ್ನೊಂದಿದೆ: ಒತ್ತಕ್ಷರ ಆಗದಂತೆ ನಡುವೆ ಹಾಕುವ ಕಾಣದ ಅಕ್ಷರ, ಸಂಖ್ಯೆ 8204. ಅದನ್ನು ರಿಪ್ಲೇಸ್ ಮಾಡಿಯೇ ತೆಗೆಯಬೇಕು.

ಗವಿಮಠದ_ಹಾದಿ · ಸಂಜೆ 7:15

ಕೊಪ್ಪಳ ಬಂತು!! ಎರಡು ವಾರದಿಂದ ಹೊಡದಾಡಿದ್ದೆ. ನಾಳೆ ಬಂದ್ರ ಮಿರ್ಚಿ ನನ್ನ ಲೆಕ್ಕ.

ಕೊನೆಭಾಗದವ · ಸಂಜೆ 7:26

ಮಿರ್ಚಿಗೆ ಮಾನ್ವಿಯಿಂದ ಬರೋದಾ? ಬರ್ತೀನಿ.

ಸೋನಾಮಸೂರಿ · ಭಾನುವಾರ ಬೆಳಿಗ್ಗೆ 10:50

ಎಲ್ಲಾ ಮಾಡ್ದೆ. ಮಾವ ಬೇಕಂತಲೇ ಕಾಡಿದ. ೪೦ ಹೊಡದ, 12 ಹೊಡದ, 2,300 ಕಾಮಾ ಸಮೇತ: 89,700. ಖಾಲಿ ಬಿಟ್ಟ: "ಅಂಕಿ ಸರಿಯಾಗಿ ಹಾಕಿರಿ" ಬಂತು. "ನಲವತ್ತು" ಅಂತ ಅಕ್ಷರದಾಗ ಬರದ, ಅದಕ್ಕೂ ಅದೇ ಬಂತು. ಆಮೇಲೆ ತನ್ನ ನೋಟ್‌ಬುಕ್ ತೆಗೆದು ಹೋದ ವಾರದ ನಾಲ್ಕು ಲೆಕ್ಕ ಹಾಕಿ ನೋಡಿದ. ಮೂರು ಕೂಡಿದ್ವು. ನಾಲ್ಕನೇದು ಕೂಡ್ಲಿಲ್ಲ. ನನಗ ಎದಿ ಝಲ್ ಅಂತು, ಮತ್ತ ಗೇಜ್ ಹಾಕೋಣ ಅಂತ ಲ್ಯಾಪ್‌ಟಾಪ್ ತೆಗದೆ. ಅಷ್ಟೊತ್ತಿಗೆ ಮಾವ ಪೆನ್ನು ತೊಗೊಂಡು ನೋಟ್‌ಬುಕ್ಕಿನಾಗ ಒಂದು ಅಂಕಿ ತಿದ್ದಿ, ಏನೂ ಮಾತಾಡದಂಗ ಮುಚ್ಚಿಟ್ಟ.

ಈಗ ಹಮಾಲಿ ಕಳೀಬೇಕು ಅಂತಾನ. ಮೈನಸ್‌ಗೆ ಸ್ಟ್ರಿಂಗ್ ಇದ್ರೂ ನಡೀತದಂತ, ಓದ್ದೆ. ಆದ್ರೂ ನಂಬರ್ ಹಾಕೇ ತೊಗೊಂಡೀನಿ.